ಸಾಯದ ಮಾತ್ರೆ

ಕಿವಿಯ ಮಷೀನು ಮಾರುವ ಅಂಗಡಿಯಲ್ಲಿ ತಾಯಿಯ ಪಕ್ಕ ಕೂತು ಸರದಿಗೆ ಕಾಯುತ್ತಿದ್ದ ಟೈಲರಮ್ಮನಿಗೆ, ಎದುರು ಬೆಂಚಿನ ಅಣ್ಣತಮ್ಮಂದಿರ ಮಾತು ಬೇಡವೆಂದರೂ ಕೇಳಿಸುತ್ತಿತ್ತು. ಪರದೆಯ ಹಿಂದೆ ಅವರಪ್ಪ ಹೊಸ ಮಷೀನು ಹಾಕಿಸಿಕೊಳ್ಳುತ್ತಿದ್ದರು. ಅಪ್ಪನಿಗೆ ಕೇಳಿಸದು ಎಂಬ ರೂಢಿಯಲ್ಲಿ ಮಕ್ಕಳಿಗೆ ದನಿ ತಗ್ಗಿಸುವುದೇ ಮರೆತುಹೋಗಿತ್ತು.

ತಮ್ಮನಾದವನು ಮೊಬೈಲಿನಿಂದ ತಲೆ ಎತ್ತಿದ. "ಅಣ್ಣ, ಸಾವೇ ಬರದ ಹಾಗೆ ಮಾತ್ರೆ ಮಾಡ್ತಾರಂತೆ. ಬಂದ್ರೆ ನುಂಗ್ತೀಯಾ?"

"ನೀರೂ ಕುಡೀದೆ ನುಂಗ್ತೀನಿ. ನೀನು?"

"ನಿನಗಿಂತ ಮುಂಚೆ ಕ್ಯೂನಲ್ಲಿ ನಿಂತಿರ್ತೀನಿ."

"ಮತ್ತೆ ಅಪ್ಪಂಗೆ?"

ತಮ್ಮ ಮೊಬೈಲನ್ನು ಜೇಬಿಗಿಳಿಸಿದ. "ಅವರಿಗ್ಯಾಕಣ್ಣ, ಪಾಪ. ಈಗಲೇ ಮಂಡಿನೋವು ಅಂತಿರ್ತಾರೆ."

"ಅದೂ ನಿಜ. ಒಂದು ತಿಂಗಳು ನಿಮ್ಮನೆ, ಒಂದು ತಿಂಗಳು ನಮ್ಮನೆ ಅಂತ ಇನ್ನು ನೂರಾರು ವರ್ಷ ಅಂದ್ರೆ ನಿಮ್ಮತ್ತಿಗೆ ಕೈ ಎತ್ತಿಬಿಡ್ತಾಳೆ."

"ನನ್ನವಳು ಆಗಲೇ ಎತ್ತಿದ್ದಾಳೆ."

ಇಬ್ಬರೂ ನಕ್ಕರು. ಟೈಲರಮ್ಮನೂ ಹೌದೆಂಬಂತೆ ತಲೆಯಾಡಿಸಿದಳು. ಆಡಿಸಿದ್ದು ತಿಳಿದ ಮೇಲೆ ತಾಯಿಯ ಮುಖ ನೋಡಲು ಅವಳಿಗಾಗಲಿಲ್ಲ.

ಪರದೆ ಸರಿಯಿತು. ಮುದುಕರ ಹಿಂದೆಯೇ ಬಂದ ಅಂಗಡಿಯ ಹುಡುಗಿ ಅಣ್ಣತಮ್ಮಂದಿರಿಗೆ ಹೇಳಿದಳು.

"ಪರೀಕ್ಷೆಗೆ ಅಂತ, ಹೊರಗಿನ ಮಾತು ಕೇಳಿ ನನಗೆ ಹೇಳಿ ಅಂದಿದ್ದೆ ಸರ್. ಮಾತ್ರೆ, ಕ್ಯೂ ಅಂತ ಎಲ್ಲಾ ಸರಿಯಾಗೇ ಹೇಳ್ತಿದ್ರು. ಆಮೇಲೆ ಯಾಕೋ ಏನೂ ಕೇಳ್ತಿಲ್ಲ ಅಂದ್ಬಿಟ್ರು. ಸೌಂಡ್ ಸ್ವಲ್ಪ ಜಾಸ್ತಿ ಮಾಡ್ಲಾ?"

"ಬೇಡಮ್ಮ, ಇಷ್ಟು ಸಾಕು," ಅಂದರು ಮುದುಕರು. ಚಪ್ಪಲಿ ಮೆಟ್ಟಿಕೊಂಡು ಮಕ್ಕಳ ಕಡೆ ತಿರುಗಿದರು. "ಈಗ ಯಾರ ಮನೆಗೆ ಹೋಗೋದಪ್ಪ?"

"ನಮ್ಮನೆಗೆ," ಅಂದರು ಇಬ್ಬರೂ ಒಟ್ಟಿಗೆ, ನೆಲ ನೋಡುತ್ತಾ.