ಮೈ ತೊಳಕೊಂಡ ಬಾ ಅಂದ ಮಾಸ್ತರ

…ಮತ್ತ ಅಷ್ಟಕ್ಕ ಸಾಲಿ ಬಿಡ್ತೀಯೇನೋ ನೀ? ಸಾಲ್ಯಾಗ ಹುಡುಗ್ರು ಬಣ್ಣ ನೋಡಿ ‘ವೆಸ್ಟಿಂಡೀಸ’ ಅಂದ್ರಂತ, ಅದಕ್ಕ ಪಾಟಿಚೀಲ ಒಗದು ಬಂದು ಕೂತಾನ, ನಾಳೆಯಿಂದ ಹೋಗಂಗಿಲ್ಲಂತ. ಬಾ ಇಲ್ಲಿ, ಯಾಸೀನ, ನಿನ್ನ ಮುತ್ಯಾನ ಹತ್ತರ ಕಟ್ಟಿ ಮ್ಯಾಲ ಕೂಡು. ಸಲೀಂ, ನೀನೂ ಬಾ, ನೀ ಅಣ್ಣ ಆಗಿ ಅವನ ನೋಡಿ ನಗಾಕತ್ತೀಯೇನು, ನಿನ್ನ ಮಾರಿ ಏನು ಬೆಳ್ಳಗಾಗ್ಯದೇನು? ಕೂಡ್ರಿ ಇಬ್ರೂ. ನಾವು ಹಬಶಿಗಳು, ಗೊತ್ತದಲ್ಲ, ಆಫ್ರಿಕಾದಿಂದ ಬಂದಾವರು. ನಮ್ಮ ಮುತ್ಯಾನ ಮುತ್ಯಾ ಯಾವನೋ ಹಡಗದಾಗ ಬಂದ, ಯಾರು ತಂದ್ರೋ ಹ್ಯಾಂಗ ತಂದ್ರೋ ಅದು ನಂಗ ಗೊತ್ತಿಲ್ಲ, ಗೊತ್ತಿಲ್ಲದ್ದು ಹೇಳಂಗಿಲ್ಲ. ನನಗ ಗೊತ್ತಿದ್ದದ್ದು ನಮ್ಮ ಅಬ್ಬಾ. ಹೈದರಾಬಾದಿನ್ಯಾಗ ನಿಜಾಮರ ಕುದುರಿ ದಂಡಿನ್ಯಾಗ ಸವಾರ ಇದ್ದ. ಏನ್ ಠೀವಿ ಅಂತೀರಿ ಅವಂದು, ಬೂಟ ಹಾಕ್ಕೊಂಡು ಓಣ್ಯಾಗ ಬಂದ್ರ ನಾಯಿ ಸುದ್ದಾ ದಾರಿ ಬಿಡತಿತ್ತು. ನಾನೂ ಅವನ ಬೆನ್ನ ಹಿಂದ ಹಂಗ ನಡೀತಿದ್ದೆ, ನಾಕು ಮಂದಿ ನೋಡಲಿ ಅಂತ.

ಆಮ್ಯಾಗ ಹೈದರಾಬಾದ ಹಿಂದುಸ್ತಾನದಾಗ ಕೂಡಿತು. ಕೂಡಿದ್ದು ಚೊಲೋನ ಆತು, ನಾ ಅದರ ಬಗ್ಗಿ ಜಗಳ ತೆಗ್ಯಾಂಗಿಲ್ಲ, ಆದ್ರ ಅಬ್ಬಾನ ದಂಡು ಮುರೀತು. ಕುದುರಿ ಹೋತು, ಬೂಟ ಹೋತು, ಪಗಾರ ಹೋತು. ಅಮ್ಮಾನ ತವರು ದೇವಾಪುರ, ಸುರಪುರದ ಹತ್ತರ, ಅಲ್ಲಿಗಿ ಬಂದ್ವಿ. ಅಲ್ಲ ಅಲ್ಲ, ಅಲ್ಲಿ ಭಾಳ ದಿನ ಇರಲಿಲ್ಲ, ಮಾವನ ಹೆಂಡ್ತಿ ಮಾರಿ ತಿರುವಿದ್ಲು, ಶಹಾಪುರಕ್ಕ ಬಂದ್ವಿ. ಗುಡ್ಡದ ಕೆಳಗ ಒಂದು ಖೋಲಿ. ಅಬ್ಬಾ ಟಾಂಗಾ ಕುದುರಿಗಿ ಲಾಳಾ ಬಡಿಯಾಕ ಕೂತ. ಸವಾರ ಆಗಿದ್ದಾವ ಮಂದಿ ಕುದುರಿ ಕಾಲು ಹಿಡಿಯೋದಂದ್ರ ಏನು ಅಂತ ನಿಮಗ ತಿಳಿಯಂಗಿಲ್ಲ ಬಿಡ್ರಿ. ಮಂದಿ ಕೂಡ ಮಾತ ಬಿಟ್ಟ ಅಂವ. ಅಮ್ಮಾ ಮಾತ್ರ ಬುಟ್ಟಿ ಹೊತ್ತು ಮನಿ ಮನಿಗಿ ಹೋಗಿ ಬಳಿ ಇಡತಿದ್ಲು. ಗೌಡರ ಮನಿ, ಶೆಟ್ಟರ ಮನಿ, ಕುರುಬರ ಓಣಿ, ಆಕಿ ಕೈ ಹಿಡೀದ ಹೆಣ್ಮಗಳು ಊರಾಗ ಇರಲಿಲ್ಲ. ಅಮ್ಮಾ ಗೋದಿ ಬಣ್ಣ, ನಾ ಪೂರಾ ಅಬ್ಬಾನ ಮ್ಯಾಲ ಹೋದಾವ. ಊರಾಗ ಹಂಗ ಕಾಣೋರು ನಾವಿಬ್ರೇ, ಅಪ್ಪ ಮಗ.

ಸಾಲಿಗಿ ಹಾಕಿದ್ರು. ಮೊದಲ ಅದು ಉರ್ದು ಸಾಲಿ, ಆಗ ಹೊಸದಾಗಿ ಕನ್ನಡ ಮಾಡಿದ್ರು. ನನಗ ಉರ್ದು ಓದಾಕ ಬರತಿತ್ತು, ಕನ್ನಡ ಮಾತಾಡಾಕ ಬರತಿತ್ತು, ಬರಿಯಾಕ ಬರತಿದ್ದಿಲ್ಲ. ಹೊಳಿ ಆಚಿ ಕಡೆಯಿಂದ ಒಬ್ಬ ಮಾಸ್ತರ ಬಂದ್ರು, ಬಿಳಿ ಧೋತರ, ಬಿಳಿ ಟೊಪ್ಪಿಗಿ, ಕೈಯಾಗ ಛಡಿ. ಅವರು ಬಂದದ್ದು ಯಾವಾಗಂತೀರಿ, ಮೊಹರಮ್ಮಿನ ಮರುದಿನ. ಈಗ ಕೇಳ್ರಿ. ಆಗ ಮೊಹರಮ್ಮಿನ್ಯಾಗ ಹರಕಿ ಹೊತ್ತ ಹುಡುಗ್ರು ಮೈಗೆಲ್ಲಾ ಮಸಿ ಬಳಕೊಂಡು, ತಲಿಗಿ ಕಾಗದದ ಉದ್ದ ಟೊಪ್ಪಿಗಿ ಇಟ್ಟು, ನಡಕ್ಕ ಗಂಟಿ ಕಟ್ಟಿ, ಅಲಾವಿ ಬೆಂಕಿ ಕುಣಿ ಸುತ್ತ ಕುಣೀತಿದ್ರು. ಅಳ್ಳೊಳ್ಳಿ ಬವ್ವ ಅಂತಿದ್ರು ಅವರಿಗಿ, ಈಗೂ ಅಲ್ಲಲ್ಲಿ ಆಗತಾರ. ಹಿಂದೂ ಹುಡುಗ್ರ ಜಾಸ್ತಿ ಮತ್ತ. ಅವರು ಬಾಗಲಕ್ಕ ಬಂದ್ರ ಮಂದಿ ಕೈ ಮುಗದು ಜ್ವಾಳಾ ನೀಡತಿದ್ರು. ನನ್ನ ಕಲಾಸಿನ ಕುರುಬರ ಹಣಮಂತ ಬವ್ವ ಆಗಿದ್ದ, ಅರ್ಧಾ ಮಸಿ ಹಂಗ ಇಟಗೊಂಡ ಸಾಲಿಗಿ ಬಂದಿದ್ದ. ಮಾಸ್ತರಿಗಿ ಸಿಟ್ಟ ಬಂತು. “ಇದು ಸಾಲಿ, ಅಲಾವಿ ಕುಣಿ ಅಲ್ಲ. ಬಾವಿಗಿ ಹೋಗಿ ತೊಳಕೊಂಡ ಬಾ” ಅಂದ್ರು. ಹಣಮಂತ ಎದ್ದ. ಆಮ್ಯಾಗ ಅವರ ಕಣ್ಣು ಹಿಂದ ಕೂತ ನನ್ನ ಮ್ಯಾಲ ಬಿತ್ತು. “ಏ ತಮ್ಮಾ, ನೀನೂ ಏಳು. ನೀ ಅಂತೂ ಕಿವಿ ಸಂದ್ಯಾಗ ಸುದ್ದಾ ಬಿಟ್ಟಿಲ್ಲ.”

ನಾ ಹೋದೆ. ಯಾಕ ಹೋದ್ಯೋ ಅಂತೀರಿ? ಮಾಸ್ತರ ಅಂದ್ರ ಹೋಗಬೇಕು, ಆಗ ಹಂಗಿತ್ತು. ಬಾವಿ ನೀರು ಮುಂಜಾನಿ ಹಲ್ಲು ಕಡಿಯೋ ಅಷ್ಟು ಥಂಡಿ. ಹಣಮಂತ ಕೊಡ ಎತ್ತಿ ಹೊಯ್ಕೊಂಡ, ಮಸಿ ಹೋತು, ಅಂವ ಅಂವ ಆದ. ನಾನೂ ಹೊಯ್ಕೊಂಡೆ. ಇಟ್ಟಂಗಿ ಚೂರು ತಗೊಂಡು ಕೈ ತಿಕ್ಕಿದೆ, ತಿಕ್ಕಿ ತಿಕ್ಕಿ ಚರ್ಮ ಉರಿ ಹತ್ತಿತು. ಹಣಮಂತ ನನ್ನ ಕೈ ಹಿಡದ, “ಬಿಡೋ ಹುಚ್ಚ, ನಿಂದು ಮಸಿ ಅಲ್ಲಲ್ಲ” ಅಂದ. ಒಳಗ ಹೋದ್ವಿ, ನೀರು ಸೋರಕೋಂತ. ಮಾಸ್ತರ ನನ್ನ ನೋಡಿದ್ರು. “ತೊಳದಿಲ್ಲೇನು?” ನಾ ಅಂದೆ, “ತೊಳದೀನ್ರಿ.” “ಮತ್ತ ಇದು?” “ಇದು ನಂದ ಬಣ್ಣರಿ.” ಅಷ್ಟ ಅಂದದ್ದು ನಾ. ಕಲಾಸ ಕಿಸಕ್ಕನೆ ನಕ್ಕಿತು. ನನಗ ನಕ್ಕಿದ್ದಲ್ಲ ಅದು, ನೋಡ್ರಿ, ಮಾಸ್ತರಿಗಿ ನಕ್ಕಿದ್ದು. ಅವರ ಮಾರಿ ಕೆಂಪಾತು. ತಪ್ಪಾತು ಅಂದಿದ್ರ ಅಲ್ಲಿಗಿ ಮುಗೀತಿತ್ತು, ಮೂರು ಅಕ್ಷರ. ಅವರ ಬಾಯಾಗ ಅದು ಬರಲಿಲ್ಲ. “ನಿನ್ನ ನೋಡಿ ಹುಡುಗ್ರು ನಗತಾರ, ಪಾಠ ಆಗಂಗಿಲ್ಲ. ನಾಳೆಯಿಂದ ಹೊರಗ ಬೇವಿನ ಗಿಡದ ಕೆಳಗ ಕೂಡು” ಅಂದ್ರು. ಗಿಡದ ಕೆಳಗಿಂದ ಹಲಗಿ ಕಾಣತಿದ್ದಿಲ್ಲ. ಹಲಗಿ ಕಾಣದ ಕನ್ನಡ ಅಕ್ಷರ ಹ್ಯಾಂಗ ಕಲೀಬೇಕು ನಾ? ಒಂದು ವಾರ ಕೂತೆ. ಆಮ್ಯಾಗ ನಿನ್ನಂಗ, ಯಾಸೀನ, ಮನಿಗಿ ಬಂದು ಪಾಟಿ ಒಗದು ಹೋಗಂಗಿಲ್ಲಂದೆ.

ಅಬ್ಬಾ ಏನಂದ ಗೊತ್ತೇನು? “ಸರಿ ಆತು. ನಾಳೆಯಿಂದ ನನ್ನ ಕೂಡ ಕುದುರಿ ಕಾಲು ಹಿಡಿ.” ಆ ಮನಷ್ಯಾ, ಓಣಿ ನಡುಗಸಿದಾವ, ಹಂಗಂದ. ಅಮ್ಮಾ ರೊಟ್ಟಿ ಬಡೀತಿದ್ಲು, ಕೈ ನಿಂತಿತು. “ಯಾಕ, ಕುದುರಿ ಇವನ ನೋಡಿ ನಗಂಗಿಲ್ಲಂತೇನು?” ಅಬ್ಬಾ ಅಂದ, “ಇದು ನಮ್ಮೂರಲ್ಲ. ಇಲ್ಲಿ ನಮ್ಮವರು ಯಾರದಾರ?” ಅಮ್ಮಾ ಅಂದ್ಳು, “ನಾ ಇಲ್ಲೇನು? ನಾ ಈ ಮಣ್ಣಾಗ ಹುಟ್ಟೀನಿ, ಇಂವ ನನ್ನ ಹೊಟ್ಟ್ಯಾಗ ಹುಟ್ಟ್ಯಾನ, ಮತ್ತ ಯಾರೂರು ಇದು?” ಅಬ್ಬಾ ರೊಟ್ಟಿ ತಿಂದು ಮಲಕೊಂಡ. ನಮ್ಮ ಮನ್ಯಾಗ ದಖನಿ ಮಾತಾಡತಿದ್ವಿ, ಆದ್ರ ಅಮ್ಮಾಗ ಸಿಟ್ಟ ಬಂದ್ರ ಕನ್ನಡದಾಗ ಬರತಿತ್ತು. ನನಗೂ ಹಂಗ.

ಮರುದಿನ ಬಳಿ ಬುಟ್ಟಿ ತಲಿ ಮ್ಯಾಲ ಇಟಗೊಂಡು, ನನ್ನ ರಟ್ಟಿ ಹಿಡಕೊಂಡು ಸಾಲಿಗಿ ಬಂದ್ಳು. ಬಂದು ಕಲಾಸಿನ ಬಾಗಲದಾಗ, ಹೊಸ್ತಲಕ್ಕ ಹತ್ತಿ, ಬುಟ್ಟಿ ಇಳಿಸಿ ಕೂತಬಿಟ್ಳು. ಮಾಸ್ತರ ಬಂದು “ಏನಮ್ಮಾ?” ಅಂದ್ರು. “ಏನಿಲ್ಲರಿ. ನನ್ನ ಮಗ ಹೊರಗ ಕೂತ್ರ ನಾನೂ ಹೊರಗ ಕೂಡ್ತೀನಿ.” ಕೂಡಲಿ ಅಂತ ಬಿಟ್ರು, ಎಷ್ಟೊತ್ತು ಕೂಡತಾಳ ಅಂತ. ದೀಪಾವಳಿ ಹತ್ತರ ಬಂದಿತ್ತು ನೋಡ್ರಿ, ಹೆಣ್ಮಕ್ಕಳಿಗಿ ಬಳಿ ಬೇಕು, ಬಳಿಗಾರ್ತಿ ಇನ್ನೂ ಓಣಿಗಿ ಬಂದಿಲ್ಲ. ಹುಡುಕ್ಕೋಂತ ಬಂದ್ರು. ಮೊದಲ ಹಣಮಂತನ ಅವ್ವ, ಆಮ್ಯಾಗ ಶೆಟ್ಟರ ಸೊಸಿ, ಆಮ್ಯಾಗ ಯಾರ್ಯಾರೋ. ಸಾಲಿ ಬಾಗಲದಾಗ ಸಾಲ ಹಚ್ಚಿ ಕೂತ್ರು, ಕೈ ಚಾಚಿ. ಅಮ್ಮಾ ಒಬ್ಬೊಬ್ಬರ ಕೈ ಒತ್ತಿ ಒತ್ತಿ ಹಸರ ಬಳಿ ಏರಸಕೋಂತ ಹೇಳತಾಳ, “ಮಗನ ಒಳಗ ಕರಕೊಂಡ್ರ ಓಣಿಗಿ ಬರತಿದ್ದೆವ್ವ, ಏನು ಮಾಡಲಿ.” ಒಳಗ ಕಾಗುಣಿತ, ಹೊರಗ ಬಳಿ ಸಪ್ಪಳ. ಮಾಸ್ತರ ಹೊರಗ ಬಂದು, “ಇದೇನು ಸಾಲಿನೋ ಸಂತಿನೋ?” ಅಂದ್ರು. ಅಮ್ಮಾ ತಲಿ ಎತ್ತಲಿಲ್ಲ. “ಸಾಲಿನ್ರಿ. ಅದಕ್ಕ ಬಂದೀನಿ” ಅಂದ್ಳು. ಹಣಮಂತನ ಅವ್ವ ಇನ್ನೂ ಜೋರು, “ನನ್ನ ಮಗ ಮಸಿ ಬಳಕೊಂಡು ಬಂದ್ರ ಒಳಗ, ಇಂವ ತೊಳಕೊಂಡು ಬಂದ್ರ ಹೊರಗ. ಇದ್ಯಾವ ನ್ಯಾಯರಿ ಸರ?” ಅಂದ್ಳು. ಮಾಸ್ತರ ಬಾಗಲದಿಂದ ಹಿಂದ ಸರದ್ರು. “ಒಳಗ ಬಾ” ಅಂದ್ರು ನನಗ, ಮಾರಿ ನೋಡಲಾರದ.

ಒಳಗ ಹೋದೆ. ಹೋಗಿ ಎಲ್ಲಿ ಕೂತೆ? ಹಿಂದಲ್ಲ. ಎಲ್ಲಾರಕಿಂತ ಮುಂದ, ಹಲಗಿ ಮೂಗಿಗಿ ಹತ್ತಂಗ. “ಹಿಂದ ಹೋಗು” ಅಂದ್ರು. “ಇಲ್ಲಿಂದ ಚೊಲೋ ಕಾಣತದ್ರಿ” ಅಂದೆ. ಛಡಿ ಬಿತ್ತು ಬೆನ್ನಿಗಿ. ಏಳಲಿಲ್ಲ. ಇನ್ನೊಂದು ಬಿತ್ತು. ಕಣ್ಣಾಗ ನೀರು ಬಂತು, ಬರಲಿಲ್ಲ ಅಂತ ನಾ ಬಡಾಯಿ ಕೊಚ್ಚಂಗಿಲ್ಲ, ಆದ್ರ ಕುಂಡಿ ನೆಲ ಬಿಡಲಿಲ್ಲ. ಬಾಗಲದಾಗ ಬಳಿ ಸಪ್ಪಳ ನಿಂತಿತ್ತು. ಅಷ್ಟೂ ಹೆಣ್ಮಕ್ಕಳು ಇತ್ಲಾಗ ನೋಡಾಕತ್ತಿದ್ರು, ಅಮ್ಮಾನೂ. ಎದ್ದು ಬಂದು ಬಿಡಸಲಿಲ್ಲ ಆಕಿ. ಮಾಸ್ತರ ಛಡಿ ಇಟ್ಟು, ಹಲಗಿ ಕಡಿ ತಿರುಗಿ ಬರಿಯಾಕ ಶುರು ಮಾಡಿದ್ರು. ನಾನೂ ಪಾಟಿ ಮ್ಯಾಲ ಬರಿಯಾಕ ಶುರು ಮಾಡಿದೆ.

ಆ ಮಾಸ್ತರ ಆಮ್ಯಾಗ ನನ್ನ ಮ್ಯಾಲ ಜೀವ ಇಟ್ರು, ತಲಿ ಸವರಿದ್ರು ಅಂತ ಕತಿ ಕಟ್ಟಿ ಹೇಳಲೇನು? ಇಲ್ಲ. ಕಡೀತನಕಾ ಮಾರಿ ಗಂಟ ಹಾಕ್ಕೊಂಡ ಕಲಿಸಿದ್ರು. ಹುಡುಗ್ರು ಕಡೀತನಕಾ ‘ಬವ್ವ’ ಅಂತನ ಕರದ್ರು. ಬಸ್ಸಿನ್ಯಾಗ ಕಂಡಕ್ಟರ್ ಆದ ಮ್ಯಾಲೂ, ಯಾದಗಿರಿ ಸುರಪುರ ಗಾಡ್ಯಾಗ, ಮುದನಾಳದಾಗ ಒಬ್ಬ ಹತ್ತಿ ‘ಏ ಬವ್ವ, ಒಂದು ಟಿಕೀಟು’ ಅಂದಿದ್ದ, ನೋಡಿದ್ರ ನನ್ನ ಕಲಾಸಿನಾವ. ಕೊಟ್ಟೆ, ಕನ್ನಡದಾಗ ಊರ ಹೆಸರ ಬರದು ಕೊಟ್ಟೆ, ಅವನಿಗಿ ಓದಾಕ ಬರಲಿಲ್ಲ, ನಡುವ ಸಾಲಿ ಬಿಟ್ಟಿದ್ದ. ನಾನ ಓದಿ ಹೇಳಿದೆ. ಅದಕ್ಕ ಹೇಳೋದು, ಅವರು ನಿಮ್ಮ ಹೆಸರು ಬದಲ ಮಾಡಲಿ, ನಗಲಿ, ಮಾಸ್ತರ ಎಬ್ಬಸಲಿ, ನೀವು ಜಾಗ ಬಿಡಬ್ಯಾಡ್ರಿ. ಅಂಜಿಕಿ ಬರತದ, ಬರಲಿ, ಅಂಜಿಕೋಂತನ ಕೂಡ್ರಿ. ಕೂತಾವಂಗ ಅಕ್ಷರ ಬರತಾವ. ಈಗ ಏಳು ಯಾಸೀನ, ರೊಟ್ಟಿ ಆರತದ.