ಮಗುಚಿಟ್ಟ ಕುರ್ಚಿ

ಬೆಳಿಗ್ಗೆ ಬಸ್ಸಿನ ಸಾಲಿನಲ್ಲಿ ನನ್ನ ಮುಂದೆ ಅಕ್ಕ ತಂಗಿಯರಿಬ್ಬರು ನಿಂತಿದ್ದರು. ತಂಗಿಯ ಕೈ ಹಿಡಿದು ಅವಳ ಮಗಳು. ಎರಡನೇ ಕ್ಲಾಸಿರಬೇಕು, ಮುಂದಿನ ಹಲ್ಲುಗಳು ಬಿದ್ದಿದ್ದವು.

“ಯಾಕೇ, ಇವಳಿನ್ನೂ ಸ್ಕೂಲಿಗೆ ಹೋಗಿಲ್ಲ?”

“ಒಂದು ವಾರ ಬರಬೇಡ ಅಂತ ಆಚೆ ಹಾಕಿದ್ರಲ್ಲಕ್ಕ. ಇವತ್ತು ಹೆಡ್‌ಮಿಸ್ ಕರೆದಿದ್ದಾರೆ. ಇವಳು ಟೀಚರ್ ಕೈ ಕಚ್ಚಿದ್ಲು.”

“ಹಲ್ಲೇ ಇಲ್ವಲ್ಲೇ ಪುಟ್ಟಿ, ಯಾವುದರಲ್ಲಿ ಕಚ್ಚಿದೆ?”

“ಪಕ್ಕದ ಹಲ್ಲಲ್ಲಿ, ದೊಡ್ಡಮ್ಮ.”

ಅಕ್ಕ ನಕ್ಕಳು. ತಂಗಿ ನಗಲಿಲ್ಲ.

“ಆಚೆ ಹಾಕಿದ ಮಕ್ಕಳ ಕುರ್ಚಿನ ಮಗುಚಿ ಡೆಸ್ಕ್ ಮೇಲಿಡ್ತಾರಂತೆ, ಎಲ್ಲರಿಗೂ ಕಾಣ್ಲಿ ಅಂತ. ಇವಳ ಗೆಳತೀನ ಆಚೆ ಹಾಕಿ, ಟೀಚರ್ ಅವಳ ಕುರ್ಚಿ ಮಗುಚೋಕೆ ಬಂದಾಗ ಇವಳು ಕಚ್ಚಿದ್ದಾಳೆ.”

ಏಳು ವರ್ಷದ ಮಕ್ಕಳಿಗೆ ಇದು ಶಿಸ್ತಂತೆ! ನನಗೆ ಮೈಯೆಲ್ಲ ಉರಿಯಿತು.

“ಈಗ ನಂದೂ ಮಗುಚಿದ್ದಾರೆ,” ಅಂದಳು ಹುಡುಗಿ.

“ತಪ್ಪಾಯ್ತು ಅನ್ನದಿದ್ರೆ ಹೆಸರೇ ಹೊಡೆದು ಹಾಕ್ತಾರಂತೆ ಅಕ್ಕ. ಇನ್ನೆಲ್ಲಿಗೆ ಸೇರಿಸ್ಲಿ ಇವಳನ್ನ?”

ಬಸ್ಸು ಬಂತು.

“ಒಂದೇ ಒಂದು ಮಾತು ಅಂದುಬಿಡು ಕಂದ. ನನಗೋಸ್ಕರ.”

“ಅಂತೀನಮ್ಮ. ಆದ್ರೆ ಅವಳ ಕುರ್ಚಿ ಇಳಿಸಿದ ಮೇಲೇನೇ ನಾನು ಕೂರೋದು.”

ತಾಯಿ ಮಗಳನ್ನು ಎತ್ತಿ ಬಸ್ಸಿನ ಮೆಟ್ಟಿಲ ಮೇಲೆ ನಿಲ್ಲಿಸಿ, ಹಿಂದೆಯೇ ತಾನೂ ಹತ್ತಿದಳು.