ಮುಂದಿನ ಸೀಟು

ಮೊಮ್ಮಕ್ಕಳ ಚಪ್ಪಲಿ ಕಾಯುತ್ತಾ ಮರಳಿನ ಮೇಲೆ ಕೂತಿದ್ದ ಅಜ್ಜಿಗೆ ಕದ್ದು ಕೇಳುವ ಚಾಳಿಯೇನೂ ಇರಲಿಲ್ಲ. ಆದರೆ ಇಬ್ಬರು ಕೂರುವ ಕಯಾಕ್ ದೋಣಿಯ ಸವಾರಿಗೆ ಸಾಲಿನಲ್ಲಿ ನಿಂತ ಗಂಡ ಹೆಂಡತಿ ಪಕ್ಕದಲ್ಲೇ ಮಾತಾಡಿದರೆ ಕಿವಿಗೇನು ಬಾಗಿಲು ಹಾಕಿಕೊಳ್ಳಲಾಗುತ್ತದೆಯೇ?

“ನಿನ್ನೆ ಜೆಟ್ ಸ್ಕೀ ಮೇಲೆ ನನ್ನನ್ನ ಎಷ್ಟು ಗಟ್ಟಿಯಾಗಿ ಹಿಡ್ಕೊಂಡಿದ್ದೆ!” ಗಂಡ ಅಂದ.

“ಬಿದ್ದುಬಿಡ್ತೀನಿ ಅಂತ ಹಿಡ್ಕೊಂಡೆ ಕಣೋ.”

“ಓ. ನಾನು ಬೇರೆ ಏನೋ ಅಂದ್ಕೊಂಡೆ. ಪ್ಯಾರಾಸೇಲಿಂಗಲ್ಲಿ ಮೇಲೆ ಹಾರ್ತಾ ನಕ್ಕಿದ್ದು?”

“ಅದು ನಿಜವಾಗ್ಲೂ ಖುಷಿಯಾಗಿತ್ತು.”

“ಹಾಗಾದ್ರೆ ವಕೀಲರಿಗೆ ಡೈವೋರ್ಸ್ ಬೇಡ ಅಂತ ಹೇಳೋಣ್ವಾ?”

“ನೀರಲ್ಲಿ ನಾವು ಚೆನ್ನಾಗೇ ಇರ್ತೀವಿ. ಮನೆಗೆ ಹೋಗಿ ಬಾಗಿಲು ತೆಗೆದ ಮೇಲೆ ಏನ್ಮಾಡ್ತೀಯ?”

ಗಂಡ ದಡದಲ್ಲಿದ್ದ ಕಯಾಕ್‌ನತ್ತ ತಿರುಗಿದ.

“ಇದೊಂದು ಬಾಕಿ ಇದೆ,” ಅಂದ. “ಇದನ್ನೂ ನೋಡೇಬಿಡೋಣ.”

“ಇದೇ ಕೊನೇದು ಅಂತ ಒಪ್ಕೊಂಡಿದ್ದೀಯ.”

“ಗೊತ್ತು.”

ಅವರಿಗೆ ಲೈಫ್ ಜಾಕೆಟ್ ಕಟ್ಟುತ್ತಿದ್ದ ದೋಣಿಯವನು ಕೇಳಿದ: “ಮುಂದೆ ಯಾರು ಕೂರ್ತೀರಾ?”

“ಅವಳೇ. ಎಲ್ಲಿ ಹೋದ್ರೂ ಅವಳಿಗೆ ಮುಂದಿನ ಸೀಟೇ ಆಗ್ಬೇಕು,” ಗಂಡ ನಕ್ಕ.

“ಬೇಡ. ಇವತ್ತು ನೀನು ಮುಂದೆ ಕೂರು.”

“ಯಾಕೆ?”

“ಕೂರೋ ಅಂದ್ರೆ ಕೂರು.”

ಕಯಾಕ್ ನೀರಿಗಿಳಿಯಿತು. ಗಂಡ ದೂರದ ಹಡಗಿನತ್ತ ಕೈ ತೋರಿಸಿ ಏನೋ ಕೂಗಿ ಹೇಳುತ್ತಾ, ಇಬ್ಬರ ಪಾಲಿಗೂ ತಾನೊಬ್ಬನೇ ಹುಟ್ಟು ಹಾಕುತ್ತಿದ್ದ. ಅಲೆಗೆ ಸಿಕ್ಕಿ ಕಯಾಕ್ ಅಡ್ಡ ತಿರುಗಿದಾಗ ಅಜ್ಜಿಗೆ ಕಂಡಿತು: ಅವನ ಬೆನ್ನ ಹಿಂದೆ ಹೆಂಡತಿ ಹುಟ್ಟನ್ನು ತೊಡೆಯ ಮೇಲಿಟ್ಟು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು.